ಮೀನಿನ ಪೆಟ್ಟಿಗೆಯಲ್ಲಿ ಚಳಿಗಾಲ

ನೀರಿಗೆ ರುಚಿ ಉಂಟೋ ಇಲ್ಲವೋ ಎಂದು ನಾನು ಯಾವತ್ತೂ ತಲೆಕೆಡಿಸಿಕೊಂಡವಳಲ್ಲ. ಬಾಯಾರಿದರೆ ಬಾವಿಯಿಂದ ಸೇದಿ ಕುಡಿಯುವುದು, ಅಷ್ಟೇ. ನೀರಿಗೂ ಒಂದು ರುಚಿ ಇದೆ, ಅದು ನಾಲಿಗೆಯಿಂದ ಹೋಗಿಬಿಟ್ಟರೆ ಮನುಷ್ಯ ಬದುಕುವುದೇ ಕಷ್ಟ ಎಂಬುದು ನನಗೆ ಗೊತ್ತಾದದ್ದು ನನ್ನ ಅಕ್ಕನ ಕಾಯಿಲೆಯಿಂದ.

ಅಕ್ಕನ ಕುತ್ತಿಗೆಯಲ್ಲಿ ಗೆಡ್ಡೆ ಎದ್ದಿತ್ತು. ಮಳೆಗಾಲದ ಮೊದಲ ಎರಡು ತಿಂಗಳು ಮಣಿಪಾಲಕ್ಕೆ ಓಡಾಡಿ ಕರೆಂಟು ಕೊಡಿಸಿದೆವು. ರೇಡಿಯೇಶನ್ನಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಗೆಡ್ಡೆ ಕರಗಿತು. ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದೆವು. ಆದರೆ ಗೆಡ್ಡೆಯ ಜೊತೆಗೆ ಅವಳ ನಾಲಿಗೆಯ ರುಚಿಯೂ ಸತ್ತುಹೋಗಿತ್ತು. ಊಟದ ಮಾತು ಹಾಗಿರಲಿ, ಬರೀ ನೀರು ಬಾಯಿಗಿಟ್ಟರೂ ಮುಖ ಹಿಂಡಿಕೊಳ್ಳುತ್ತಿದ್ದಳು. "ತುಕ್ಕು ಹಿಡಿದ ಗೇಟು ನೆಕ್ಕಿದ ಹಾಗೆ ಆಗ್ತದೆ ಮಾರಾಯ್ತಿ," ಎನ್ನುತ್ತಿದ್ದಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಚಾಳಿಗೆ ಇದನ್ನು ಬರೆಯುವಾಗ ಎಲ್ಲರ ಬಾಯಿಗೂ ಕನ್ನಡ ತುರುಕುತ್ತಿದ್ದೇನೆ.

ಡಾಕ್ಟರು ಹೇಳಿದ್ದು ಇಷ್ಟು: ರುಚಿ ನಿಧಾನಕ್ಕೆ ಬರಬಹುದು, ಕೆಲವರಿಗೆ ಪೂರ್ತಿ ಬಾರದೆಯೂ ಇರಬಹುದು, ಏನೇ ಆದರೂ ನೀರು ಮಾತ್ರ ಬಿಡಬಾರದು. ಅಕ್ಕ ತಲೆಯಾಡಿಸಿ ಬಂದಳು. ಆಮೇಲೆ ನಾನು ಇಟ್ಟ ಲೋಟವೆಲ್ಲ ಖಾಲಿಯಾಗತೊಡಗಿತು. ನಾನೂ ಸಮಾಧಾನದಲ್ಲಿದ್ದೆ. ಒಂದು ದಿನ ಅವಳ ಕಿಟಕಿಯ ಹೊರಗಿನ ದಾಸವಾಳ ಮೈತುಂಬ ಹೂ ಬಿಟ್ಟದ್ದು ನೋಡಿ ಅನುಮಾನ ಬಂತು. ಅವಳ ಪಾಲಿನ ನೀರೆಲ್ಲ ಕುಡಿದು ದಾಸವಾಳ ಗಮ್ಮತ್ತಿನಲ್ಲಿತ್ತು. ಅದೇ ವಾರ ಅಕ್ಕ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದಳು. ಮತ್ತೆ ಮಣಿಪಾಲ, ಮತ್ತೆ ಡ್ರಿಪ್ಪು. ಹೀಗೇ ಆದರೆ ಮೂಗಿನಿಂದ ನಳಿಗೆ ಇಳಿಸಬೇಕಾಗುತ್ತದೆ ಎಂದರು. "ನಳಿಗೆ ಹಾಕಿಸಿಕೊಳ್ಳುವುದಕ್ಕಿಂತ ಹೋಗಿಬಿಡ್ತೇನೆ," ಎಂದಳು ಅಕ್ಕ, ನರ್ಸಿನ ಎದುರಿಗೇ. ಅವಳು ಹೇಳಿದರೆ ಹೇಳಿದ್ದೇ.

ನನ್ನದು ಮೊದಲೇ ಮುಂಗೋಪ. ಹೆದರಿಕೆಯಾದರೆ ಕೋಪ ಇನ್ನೂ ಜಾಸ್ತಿ. ಬೈದೆ, ಗೋಗರೆದೆ, ಕೊನೆಗೆ ಅವಳಿಗೆ ಗೊತ್ತಾಗದ ಹಾಗೆ ನೀರಿಗೆ ಸಕ್ಕರೆ ಕದಡಿ ಕೊಟ್ಟೆ. ಒಂದು ಗುಟುಕು ಬಾಯಿಗಿಟ್ಟು ಅಲ್ಲೇ ಉಗಿದಳು. "ತುಕ್ಕಿಗೆ ಅಂಟು ಬೇರೆ ಸೇರಿಸಿದೆಯಾ? ನನ್ನನ್ನು ಮಂಗ ಮಾಡ್ತೀಯಾ?" ಸಕ್ಕರೆಯ ಸಿಹಿ ಕೂಡ ಅವಳಿಗೆ ತಾಗಿರಲಿಲ್ಲ, ಅಂಟು ಮಾತ್ರ ಗೊತ್ತಾಗಿತ್ತು. ಅಂದಿನಿಂದ ನಾನು ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು, ಕೆಳಗೆ ಏನಾದರೂ ಕರಗದೆ ಕೂತಿದೆಯೋ ಎಂದು ನೋಡಿಯೇ ಬಾಯಿಗಿಡುತ್ತಿದ್ದಳು.

ಇಂಥವಳು ಒಂದು ಕಾಲಕ್ಕೆ ಮನೆಮಂದಿಗೆಲ್ಲ ನಾಲಿಗೆಯಾಗಿದ್ದಳು. ನಾವು ಹುಟ್ಟಿ ಬೆಳೆದದ್ದು ಕಾರ್ಕಳದ ಕಡೆ. ಅಲ್ಲಿಯ ಕೆಂಪು ಮುರಕಲ್ಲಿನ ಬಾವಿಯ ನೀರಿಗೂ ಇಲ್ಲಿ ಕಾಪುವಿನ ಹೊಯಿಗೆ, ಅಂದರೆ ಮರಳಿನ, ಬಾವಿಯ ನೀರಿಗೂ ಇರುವ ವ್ಯತ್ಯಾಸವನ್ನು ಅವಳು ಕಣ್ಣುಮುಚ್ಚಿ ಹೇಳುತ್ತಿದ್ದಳು. ನಾನು ಮಟ್ಟುವಿನ ತುಸು ದಕ್ಷಿಣಕ್ಕೆ, ಸಮುದ್ರದ ಹತ್ತಿರದ ಈ ಮನೆಗೆ ಮದುವೆಯಾಗಿ ಬಂದೆ. ಅವಳು ಮದುವೆಯಾಗಲಿಲ್ಲ. ಇಟಲಿಗೆ ಹೋಗಿ, ಉತ್ತರದ ಬೆಟ್ಟದ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತ ಅರ್ಧ ಆಯುಷ್ಯ ಕಳೆದಳು. ಆ ಮುದುಕಿ ತೀರಿದ ಮೇಲೆ ನಮ್ಮ ಮನೆಗೇ ಬಂದಳು.

ಸೆಪ್ಟೆಂಬರಿನ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬದ ದಿನ ನಮ್ಮಲ್ಲಿ ಹೊಸ ತೆನೆಯ ಊಟ. ಹೊಸ ಅಕ್ಕಿಯನ್ನು ಹಾಲಿಗೆ ಬೆರೆಸಿ ಮನೆಯ ಹಿರಿಯರು ಮೊದಲು ಕುಡಿದು ಆಮೇಲೆ ಉಳಿದವರಿಗೆ ಹಂಚಬೇಕು. ಹಿರಿಯಳು ಅಕ್ಕ. ಬಟ್ಟಲು ಬಾಯಿಗಿಟ್ಟು, ಕಣ್ಣುಮುಚ್ಚಿ ನುಂಗಿದಳು. ಕಣ್ಣಿನಲ್ಲಿ ನೀರು ಬಂತು. ಭಕ್ತಿಯಲ್ಲ, ತುಕ್ಕು. ಊಟದ ಮೇಲೆ ತಾನಾಗಿಯೇ ಮಾತಿಗೆ ಶುರು ಮಾಡಿದಳು.

"ಇಟಲಿಯ ಆ ಊರಿನಲ್ಲಿ ಒಂದು ಮುಳ್ಳಿನ ಗಿಡ ಉಂಟು. ಅದರ ಮೊಗ್ಗು ತಿನ್ನುವುದು. ಆರ್ಟಿಚೋಕ್ ಅಂತ. ಅದನ್ನು ತಿಂದು ನೀರು ಕುಡಿದರೆ ನೀರು ಸಿಹಿಯಾಗ್ತದೆ."

"ಯಾರು ಹೇಳಿದ್ದು?"

"ಹೇಳುವುದೆಂತ? ನಾನು ಕುಡಿದಿದ್ದೇನೆ. ಮೊದಲ ಸಲ ಮುದುಕಿ ನನ್ನ ಮುಖ ನೋಡಿ ನಗ್ತಾ ಕೂತಿದ್ದಳು. ಬರೀ ನಲ್ಲಿ ನೀರು, ಎಳೆ ಬೊಂಡದ ನೀರಿನ ಹಾಗೆ ಆಗಿತ್ತು."

ಕಾಯಿಲೆ ತಲೆಗೇರಿತೋ ಎಂದು ನನಗೆ ದಿಗಿಲು. ಮೊಬೈಲಿನಲ್ಲಿ ಹುಡುಕಿದರೆ ಅದು ನಿಜ! ಆ ಮೊಗ್ಗಿನಲ್ಲಿರುವ ಏನೋ ಒಂದು ನಾಲಿಗೆಗೆ ಮಾಟ ಮಾಡುತ್ತದೆ, ಸ್ವಲ್ಪ ಹೊತ್ತು ನೀರು ಸಿಹಿಯೆನಿಸುತ್ತದೆ, ಎಲ್ಲರಿಗೂ ಅಲ್ಲ, ಹಲವರಿಗೆ ಎಂದು ಬರೆದಿತ್ತು. ಸಕ್ಕರೆಯಲ್ಲಿಲ್ಲದ ಸಿಹಿಯನ್ನು ದೇವರು ಒಂದು ಮುಳ್ಳಿನ ಗಿಡದಲ್ಲಿ, ಅದೂ ನೀರಿನ ನೆಪದಲ್ಲಿ ಅಡಗಿಸಿಟ್ಟಿದ್ದಾನೆಂದರೆ ಏನು ಹೇಳುವುದು? ನಾನು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ.

ಉಡುಪಿ, ಮಣಿಪಾಲದ ದೊಡ್ಡ ಅಂಗಡಿಗಳಿಗೆಲ್ಲ ಹೋದೆ. ಎಣ್ಣೆ, ವಿನೆಗರಿನಲ್ಲಿ ಮುಳುಗಿಸಿದ ಬಾಟಲಿಯದ್ದು ಸಿಕ್ಕಿತು. ಅಕ್ಕನ ಬಾಯಿಯ ಹುಣ್ಣಿಗೆ ಆ ಹುಳಿ ತಾಗಿ ಅವಳು ಪಟ್ಟ ಪಾಡು ಬೇಡ. ನೀರು ತುಕ್ಕಾಗಿಯೇ ಉಳಿಯಿತು. "ಇದು ಉಪ್ಪಿನಕಾಯಿ. ಅದು ಗಿಡದಿಂದ ಕೊಯ್ದದ್ದೇ ಆಗಬೇಕು," ಎಂದಳು. ಆಮೇಲೆ ಸ್ವಲ್ಪ ತಡೆದು, "ನಾವೇ ಬೆಳೆಸುವನಾ?" ಎಂದಳು. ಅಷ್ಟು ತಿಂಗಳಲ್ಲಿ ಅವಳು ಬೇಕು ಎಂದು ಕೇಳಿದ ಮೊದಲ ವಸ್ತು ಅದು. ಆಗುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೆ? ಅಂದೇ ಆನ್‌ಲೈನಿನಲ್ಲಿ ಬೀಜಕ್ಕೆ ಆರ್ಡರ್ ಹಾಕಿದೆ.

ಬೀಜ ಬಂತು. ಸೂರ್ಯಕಾಂತಿ ಬೀಜದ ಹಾಗೆಯೇ, ಬೂದು ಬಣ್ಣ. ಆ ಬೀಜವನ್ನು ಅಂಗೈಯಲ್ಲಿ ಆಡಿಸುತ್ತ ಅಕ್ಕ ಆ ಬೆಟ್ಟದೂರಿನ ಬೇಸಾಯ ಹೇಳಿದಳು. ಅಲ್ಲಿ ಬೇಸಿಗೆ ಎನ್ನುವುದು ಕಣ್ಣುಮಿಟುಕಿಸುವಷ್ಟು ಹೊತ್ತು. ಈ ಗಿಡಕ್ಕೋ ಒಂದು ಚಳಿಗಾಲ ದಾಟಿದರೆ ಮಾತ್ರ ಮೊಗ್ಗು ಬಿಡುವ ಹಟ. ನೆಲದಲ್ಲೇ ಬಿಟ್ಟರೆ ಅಲ್ಲಿಯ ಚಳಿಗಾಲ ಗಿಡವನ್ನು ಕೊಂದೇ ಹಾಕುತ್ತದೆ. ಹಾಗಾಗಿ ಆ ಮುದುಕಿ ಹೊರಗೆ ಹಿಮ ಇರುವಾಗಲೇ ಅಡುಗೆ ಮನೆಯ ಕಿಟಕಿಯಲ್ಲಿ, ಒಲೆಯ ಬಿಸಿಯಲ್ಲಿ ಬೀಜ ಹಾಕಿ ಸಸಿ ಮಾಡುತ್ತಿದ್ದಳಂತೆ. ನಾಲ್ಕಾರು ಎಲೆ ಬಂದ ಮೇಲೆ, ಹಿಮ ಕರಗುವ ಹೊತ್ತಿಗೆ, ಸಸಿಗಳನ್ನು ಹೊರಗಿನ ಚಳಿಯಲ್ಲಿ ಕೆಲವು ದಿನ ನಿಲ್ಲಿಸುತ್ತಿದ್ದಳು. ಹೆಪ್ಪುಗಟ್ಟಬಾರದು, ಬೆಚ್ಚಗೂ ಆಗಬಾರದು.

"ಗಿಡಕ್ಕೆ ಮೋಸ ಮಾಡುವುದು," ಎಂದಳು ಅಕ್ಕ. "ಓ, ನನ್ನ ಚಳಿಗಾಲ ಮುಗೀತು ಅಂತ ಅದು ನಂಬಬೇಕು. ನಂಬಿದರೆ ಅದೇ ವರ್ಷ, ಮತ್ತೆ ಹಿಮ ಬೀಳುವ ಮೊದಲು ಮೊಗ್ಗು ಕೊಡ್ತದೆ. ನಂಬದಿದ್ದರೆ ಬರೀ ಎಲೆ."

ಸಕ್ಕರೆ ನೀರಿನ ಮೋಸಕ್ಕೆ ನನಗೆ ಉಗಿದವಳು ಗಿಡಕ್ಕೆ ಮಾಡುವ ಮೋಸವನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಾಳೆ ನೋಡಿ ಎಂದು ನನ್ನ ಗಂಡನಿಗೆ ಹೇಳಿದೆ. ಅವರು ನಕ್ಕರು. ಗಂಡ ಚಳಿಗಾಲದಲ್ಲಿ ಮಟ್ಟು ಗುಳ್ಳ ಬೆಳೆಯುವವರು. ಬದನೆಯಲ್ಲೇ ಮುಳ್ಳು ಚುಚ್ಚಿಸಿಕೊಂಡು ಅಭ್ಯಾಸ ಇರುವ ಅವರಿಗೆ ಇನ್ನೊಂದು ಮುಳ್ಳಿನ ಗಿಡ ದೊಡ್ಡದೇನೂ ಅಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ. "ಅದೆಲ್ಲ ಸರಿ. ಕಾಪುವಿನಲ್ಲಿ ಚಳಿ ಎಲ್ಲಿಂದ ತರ್ತೀರಿ?"

ಅಲ್ವಾ! ಆ ಬೆಟ್ಟದೂರಿನವರಿಗೆ ಚಳಿ ಜಾಸ್ತಿಯಾಗಿ ಕಷ್ಟ, ನಮಗೆ ಚಳಿಯೇ ಇಲ್ಲದೆ ಕಷ್ಟ. ನಮ್ಮಲ್ಲಿ ಚಳಿಗಾಲ ಎಂದರೆ ಡಿಸೆಂಬರಿನ ಬೆಳಿಗ್ಗೆ ಫ್ಯಾನು ಒಂದು ಪಾಯಿಂಟು ಕಡಿಮೆ ಮಾಡುವುದು.

ಹಬ್ಬ ಕಳೆದು ಎರಡು ವಾರಕ್ಕೆ ಬೀಜ ಹಾಕಿದ್ದೆವು. ಹೊಯಿಗೆ, ಸುಡುಮಣ್ಣು, ಹಟ್ಟಿಗೊಬ್ಬರ ಸಮ ಬೆರೆಸಿ ಸಣ್ಣ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ತುಂಬಿದ್ದು. ಮೊಳಕೆ ಎದ್ದ ಬೆಳಿಗ್ಗೆ ಅಕ್ಕ ನನ್ನನ್ನು ಕೂಗಿ ಕರೆದಳು. ಎರಡು ದಪ್ಪ ಎಲೆ, ಅದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಟೊಪ್ಪಿಯ ಹಾಗೆ. ಸಮುದ್ರದಾಚೆಯ ಗಿಡ ಅಕ್ಟೋಬರಿನ ನಮ್ಮ ಸೆಕೆಗೆ ಒಂದು ಮಾತೂ ಹೇಳದೆ ಎದ್ದು ನಿಂತಿತ್ತು. ಆಮೇಲೆ ಬಂದ ಎಲೆಗಳು ಹಲ್ಲುಹಲ್ಲಾಗಿ, ಕೆಳಗೆ ಬೆಳ್ಳಿಯ ಬಿಳುಪು. ನಾನು ಇಷ್ಟು ವರ್ಷ ಮಣ್ಣಿನ ಪಕ್ಕದಲ್ಲೇ ಬದುಕಿದವಳು. ಆದರೂ ಆ ಸಸಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರೆ ಏಳಲು ಮನಸ್ಸು ಬರುತ್ತಿರಲಿಲ್ಲ.

ಚಳಿಗಾಗಿ ಮೊದಲು ಫ್ರಿಜ್ಜು ಖಾಲಿ ಮಾಡಲು ಹೊರಟೆ. ಅಕ್ಕ ಬಿಡಲಿಲ್ಲ. "ಬೆಳಕು ಬೇಕು. ಕತ್ತಲಲ್ಲಿ ತಣ್ಣಗೆ ಇಟ್ಟರೆ ಅದು ಚಳಿಗಾಲ ಅಲ್ಲ, ಶವಾಗಾರ," ಎಂದಳು. ನಾನು ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕೂತಿರುವಾಗ ಎರ್ಮಾಳಿನ ಮೀನಿನಾಕೆ ಬುಟ್ಟಿ ಇಳಿಸಿದಳು. ಹೆಚ್ಚುಕಡಿಮೆ ಅಕ್ಕನ ಪ್ರಾಯ. ನಮ್ಮ ಮನೆಗೆ ಮೀನು ಕೊಡಲು ತೊಡಗಿ ಎಷ್ಟೋ ಕಾಲವಾಯಿತು. ನಮ್ಮ ಜಾತಿಯ ಹೆಂಗಸರನ್ನು ಇಲ್ಲಿಯವರು ಕರೆಯುವ ಹಾಗೆ ನನ್ನನ್ನು ಬಾಯಮ್ಮ, ಅಕ್ಕನನ್ನು ದೊಡ್ಡ ಬಾಯಮ್ಮ ಎನ್ನುತ್ತಾಳೆ.

"ಎಂತ ಮಂಡೆಬಿಸಿ ಬಾಯಮ್ಮ?" ಎಂದು ಕೇಳಿದಳು.

ಹೇಳಿದೆ. ಅವಳು ಬಂಗುಡೆಯ ಮೇಲಿನ ಐಸಿನ ಪುಡಿಯನ್ನು ಸರಿಸುತ್ತ ನನ್ನನ್ನೇ ನೋಡಿದಳು. ನಾನು ಅವಳ ಕೈಯನ್ನೇ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ. ಮೊದಲು ಹೊಳೆದದ್ದು ನನಗೆ, ಆ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ.

ಮರುದಿನ ಅವಳು ಮೀನು ತುಂಬುವ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದಳು, ಜೊತೆಗೆ ಗೋಣಿಯಲ್ಲಿ ಐಸು. ಪೆಟ್ಟಿಗೆಯನ್ನು ಸೋಪು ಹಾಕಿ ಎಷ್ಟು ತಿಕ್ಕಿದರೂ ಮೀನಿನ ವಾಸನೆ ಹೋಗಲಿಲ್ಲ. ಸಸಿಗಳನ್ನು ಅಗಲ ತಪಲೆಗಳಲ್ಲಿ ನಿಲ್ಲಿಸಿ, ತಪಲೆಯ ಸುತ್ತ ಐಸು ತುಂಬಿಸಿ, ಮೇಲೆ ಹಳೆಯ ಕಿಟಕಿಯ ಗಾಜು ಮುಚ್ಚಿ ಉತ್ತರದ ಜಗಲಿಯ ನೆರಳಿನಲ್ಲಿಟ್ಟೆವು. ಒಳಗೊಂದು ಥರ್ಮಾಮೀಟರು. ಬೆಳಿಗ್ಗೆ ಸಂಜೆ ಕರಗಿದ ನೀರು ತೆಗೆದು ಹೊಸ ಐಸು. ಸ್ವಲ್ಪ ಹೊತ್ತಿಗೆ ಗಾಜಿನ ಹೊರಮೈಗೆ ಮಂಜು ಕಟ್ಟಿತು. ಬೆರಳಿನಿಂದ ಒರೆಸಿದರೆ ಮತ್ತೆ ಕಟ್ಟುತ್ತಿತ್ತು. ಆ ಮಂಜಿನಾಚೆ ಬೆಳ್ಳಿ ಎಲೆಗಳು ಮಸುಕಾಗಿ ನಿಂತಿದ್ದವು. ಹೊರಗೆ ನಾವು ಬೆವರು ಒರೆಸಿಕೊಳ್ಳುತ್ತಿದ್ದೆವು, ಒಳಗೆ ಬೆಟ್ಟದ ಚಳಿಗಾಲ ನಡೆಯುತ್ತಿತ್ತು. ನಮ್ಮ ಜಗಲಿಯಲ್ಲಿ!

ಅಕ್ಕ ಕುರ್ಚಿ ಹಾಕಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಇರತೊಡಗಿದಳು. ಥರ್ಮಾಮೀಟರು ಇಳಿದರೆ ಗಾಜು ಸರಿಸುವುದು, ಏರಿದರೆ ನನ್ನನ್ನು ಕೂಗುವುದು. ನೀರು ಕುಡಿ ಎಂದು ನಾನು ಗದರಿದರೆ, "ಮೊದಲು ಅವಕ್ಕೆ ಐಸು ಹಾಕು, ಆಮೇಲೆ ಕುಡೀತೇನೆ," ಎಂದು ಚೌಕಾಸಿ ಮಾಡುತ್ತಿದ್ದಳು. ಕುಡಿಯುತ್ತಿದ್ದಳು ಕೂಡ, ಮೂಗು ಹಿಡಿದು, ಔಷಧಿಯ ಹಾಗೆ. ಸ್ವಲ್ಪವೇ. ನನಗೆ ಅಷ್ಟೇ ದೊಡ್ಡದಾಗಿತ್ತು.

ಅಷ್ಟರಲ್ಲಿ ಮಣಿಪಾಲಕ್ಕೆ ತಪಾಸಣೆಗೆ ಹೋಗುವ ದಿನ ಬಂತು. ಗಂಡನೂ ನಮ್ಮ ಜೊತೆಗೆ ಬರಬೇಕಿತ್ತು. ಬೆಳಗಿನ ಐಸು ನೀನೇ ಹಾಕಿಬಿಡು ಎಂದು ಮೀನಿನಾಕೆಗೆ ಹೇಳಿ ಹೊರಟೆವು. ಆಸ್ಪತ್ರೆಯಲ್ಲಿ ಕಾದು ಕಾದು, ಉಡುಪಿ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಅಕ್ಕನನ್ನು ನಡುವೆ ಹಿಡಿದುಕೊಂಡು ಬಸ್ಸು ಹತ್ತಿ ಮನೆಗೆ ಬರುವಾಗ ಸಂಜೆ. ಚಪ್ಪಲಿ ಕೂಡ ಬಿಚ್ಚದೆ ಅಕ್ಕ ಪೆಟ್ಟಿಗೆಯ ಹತ್ತಿರ ಹೋದಳು. ಗಾಜು ಎತ್ತಿದವಳು ಹಾಗೆಯೇ ನಿಂತಳು.

ಎಲೆಗಳು ಗಾಜಿನ ಚೂರಿನ ಹಾಗೆ ಪಾರದರ್ಶಕವಾಗಿ ಸೆಟೆದು ನಿಂತಿದ್ದವು. ನಾನು ಮುಟ್ಟಿದರೆ ಲಟಕ್ಕೆಂದು ಮುರಿಯಿತು. ಹೊರಗೆ ತೆಗೆದಿಟ್ಟ ಮೇಲೆ ಒಂದೊಂದೇ ಕಪ್ಪಾಗಿ, ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಮಗುಚಿ ಬಿದ್ದವು. ಐಸಿನ ನಡುವೆ ಕಲ್ಲುಪ್ಪು ಕಂಡಿತು.

ಮೀನಿನಾಕೆಗೆ ಫೋನು ಮಾಡಿದೆ. "ಉಪ್ಪು ಹಾಕಿದೆಯಾ?"

"ಹಾಕದೆ? ನೀವು ಬರುವಾಗ ಸಂಜೆ ಆಗ್ತದಲ್ಲ, ಐಸು ನಿಲ್ಲಬೇಡವಾ? ನಾಳೆಗೆ ಇಡುವ ಮೀನಿಗೆ ನಾವು ಹಾಗೇ ಮಾಡುವುದು."

"ಇದು ಬಂಗುಡೆಯಾ? ಬಂಗುಡೆಯಾ ಇದು?" ಎಂದು ನಾನು ಕಿರುಚಿದ್ದು ರಸ್ತೆಗೆ ಕೇಳಿರಬೇಕು. "ಉಪ್ಪು ಹಾಕಿದರೆ ಐಸು ಇನ್ನೂ ತಣ್ಣಗಾಗಿ ಗಿಡ ಹೆಪ್ಪುಗಟ್ಟಿ ಸತ್ತೇ ಹೋಗ್ತದೆ! ಎಂತ ಪೊಟ್ಟು ಹೆಂಗಸು ನೀನು?"

ಅವಳೂ ಬಿಡುವವಳಲ್ಲ. "ಗಿಡಕ್ಕೆ ಐಸು ಇಡುವವರು ನೀವು, ಪೊಟ್ಟು ನಾನಾ?" ಎಂದಳು. ಆದರೆ ಕೊನೆಗೆ, ದೊಡ್ಡ ಬಾಯಮ್ಮನಿಗೆ ಏನು ಹೇಳುವುದು ಎಂದು ಕೇಳಿ ಫೋನಿಟ್ಟಳು.

ನಾನು ಹೆದರುತ್ತ ತಿರುಗಿ ನೋಡಿದೆ. ಅಕ್ಕ ಕುರ್ಚಿಯಲ್ಲಿ ಕೂತು ಹೆಗಲು ಕುಣಿಸುತ್ತಿದ್ದಳು. ಅಳುತ್ತಿದ್ದಾಳೆಂದು ಓಡಿದರೆ, ನಗು! ಒಣಗಿದ ಗಂಟಲಿನಿಂದ ಕಿರ್ರ್ ಕಿರ್ರ್ ಎಂಬ ನಗು. "ಆರ್ಟಿಚೋಕಿಗೆ ಉಪ್ಪು ಹಾಕಿದ್ದಾಳೆ ಮಾರಾಯ್ತಿ. ಇನ್ನು ಗಂಜಿಗೆ ನಂಜಿಕೊಳ್ಳುವುದೇ." ಮಳೆಗಾಲದಿಂದ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ, ನಗುತ್ತ ನಗುತ್ತ ಇಬ್ಬರೂ ಅತ್ತೆವು. ಗಂಡ ಪೆಟ್ಟಿಗೆಯ ಮೂಲೆಯಲ್ಲಿ ಕೈಯಾಡಿಸಿ ಎರಡು ತೊಟ್ಟೆ ಎತ್ತಿ ತಂದರು. ಅಲ್ಲಿಗೆ ಐಸು ತಲುಪಿರಲಿಲ್ಲ. ಎಲೆಯ ಅಂಚು ಸುಟ್ಟಿತ್ತು, ನಡುವಿನ ಕುಡಿ ಹಸಿರಾಗಿತ್ತು.

ಮರುದಿನ ನಸುಕಿಗೇ ಮೀನಿನಾಕೆ ಬಂದಳು, ಐಸಿನ ಜೊತೆ. ನಾನು ಮಾತಾಡಿಸಲಿಲ್ಲ, ಅವಳೂ ಮಾತಾಡಲಿಲ್ಲ. ಆ ಎರಡು ಗಿಡಗಳ ಚಳಿಗಾಲ ಮುಗಿಯುವವರೆಗೂ ಅವಳು ಒಂದು ದಿನ ತಪ್ಪಿಸಲಿಲ್ಲ, ಮೀನಿಲ್ಲದ ದಿನ ಬರೀ ಐಸು ತಂದಳು. ನನ್ನ ಮುನಿಸು ಎಷ್ಟು ದಿನ ನಿಂತೀತು? ಒಂದು ಬೆಳಿಗ್ಗೆ ಚಾ ಕುಡಿದು ಹೋಗು ಎಂದೆ. "ಸಕ್ಕರೆ ಬೇಡ, ಉಪ್ಪು ಹಾಕಿ," ಎಂದು ಕುಟುಕಿಯೇ ಕೂತಳು.

ಡಿಸೆಂಬರಿಗೆ ನೆಲಕ್ಕೆ ಇಳಿಸಿದೆವು. ಗಂಡ ಗುಳ್ಳಕ್ಕೆ ಮಾಡುವ ಹಾಗೆಯೇ ಹೊಯಿಗೆ ಮಣ್ಣು ಏರಿಸಿ, ಬೂದಿ ಕೊಟ್ಟು, ಗುಳ್ಳದ ಸಾಲಿನ ಕೊನೆಗೆ ನೆಟ್ಟರು. ಈ ಗಿಡಕ್ಕೆ ನಮ್ಮಲ್ಲಿ ಹಿತವಾದ ಕಾಲವೂ ಕಣ್ಣುಮಿಟುಕಿಸುವಷ್ಟೇ ಹೊತ್ತು: ಮಾರ್ಚಿನ ಉರಿಗೆ ಮೊದಲು ಮೊಗ್ಗು ಬರಬೇಕು, ಬಾರದಿದ್ದರೆ ಗಿಡವೂ ಸುಡುತ್ತದೆ, ಬಾವಿಯೂ ಉಪ್ಪುಪ್ಪಾಗಿ ಸವುಳಾಗುತ್ತದೆ. ಎಲ್ಲಿತ್ತೋ ಕರ್ಮ, ವಾರದೊಳಗೆ ಅಕಾಲದ ಮಳೆ ಸುರಿದು ಒಂದು ಗಿಡ ಬುಡದಿಂದ ಕೊಳೆಯಿತು. ಉಳಿದದ್ದು ಒಂದು.

ಆ ಒಂದು ಬೆಳೆದ ಚೆಂದವನ್ನು ಹೇಗೆ ಹೇಳಲಿ! ಕ್ರಿಸ್ಮಸಿಗೆ ಮೊಣಕಾಲೆತ್ತರ. ಜನವರಿಯಲ್ಲಿ ನನ್ನ ತೋಳುದ್ದದ ಎಲೆಗಳು, ಬೂದುಬೆಳ್ಳಿ, ಸುತ್ತ ಕಮಾನಿನ ಹಾಗೆ ಬಾಗಿದವು. ಪಕ್ಕದ ಗುಳ್ಳದ ಗಿಡಗಳು ಅದರ ನೆರಳಿನಲ್ಲಿ ಕೂತವು. ರಸ್ತೆಯಲ್ಲಿ ಹೋಗುವವರು ನಿಂತು, "ಇದೆಂತದು, ಅನಾನಸಾ?" ಎಂದು ಕೇಳಿದರು. ಬೆಳಿಗ್ಗೆ ಅದರ ಎಲೆಗಳ ಮೇಲೆ ಇಬ್ಬನಿ ಕೂತಿದ್ದಾಗ ನಾನು ಹತ್ತಿರ ಹೋಗಲೂ ಅಳುಕುತ್ತಿದ್ದೆ. ಅದು ನಮ್ಮ ಸುಳ್ಳು ಚಳಿಗಾಲವನ್ನು ನಂಬಿದೆಯೋ ಇಲ್ಲವೋ ಎಂದು ಒಂದು ಎಲೆಯನ್ನೂ ಸರಿಸಿ ನೋಡಲು ಅಕ್ಕ ಬಿಡುತ್ತಿರಲಿಲ್ಲ. ಅವಳಿಗೆ ಈಗ ಅನ್ನ ತುಸು ಸೇರುತ್ತಿತ್ತು, ಖಾರ ತಾಗುತ್ತದೆ ಎನ್ನುತ್ತಿದ್ದಳು. ನೀರು ಮಾತ್ರ ಹಾಗೆಯೇ. ಫೆಬ್ರವರಿಯಲ್ಲಿ ಮತ್ತೊಮ್ಮೆ ಡ್ರಿಪ್ಪು ಹಾಕಿಸಬೇಕಾಯಿತು. ನಳಿಗೆಯ ಮಾತು ಮತ್ತೆ ಬಂತು.

ಮಾರ್ಚಿನ ಮೊದಲ ವಾರ ಒಂದು ಬೆಳಿಗ್ಗೆ ಹಿತ್ತಲಿನಿಂದ ಅಕ್ಕನ ಕೂಗು. ಬಿದ್ದಳೋ ಎಂದು ನಾನು ಬರಿಗಾಲಿನಲ್ಲಿ ಓಡಿದೆ. ಗಿಡದ ಮುಂದೆ ನಿಂತಿದ್ದಳು, ಬೆರಳು ತೋರಿಸುತ್ತ. ಎಲೆಗಳ ನಟ್ಟನಡುವೆ, ಬೆಳ್ಳಿಯ ತೊಟ್ಟಿಲಿನಲ್ಲಿ, ಲಿಂಬೆಯಷ್ಟು ದೊಡ್ಡ ಮೊಗ್ಗು. ಹೆಂಚು ಜೋಡಿಸಿದ ಹಾಗೆ ಪದರ ಪದರ. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಮೀನಿನ ಪೆಟ್ಟಿಗೆಯ ಚಳಿಗಾಲವನ್ನು ಆ ಗಿಡ ನಂಬಿತ್ತು!

ಮೊಗ್ಗು ಸಣ್ಣ ಗುಳ್ಳದಷ್ಟಾಯಿತು. ಇನ್ನು ಕೊಯ್ಯಬಹುದು ಎಂದೆ. ಅಕ್ಕ, "ನಾಳೆ," ಎಂದಳು. ನಾಳೆ ಬಂತು, ಮತ್ತೆ "ನಾಳೆ." ಬಿಸಿಲು ಏರುತ್ತಿತ್ತು. ಮೊಗ್ಗಿನ ತುದಿಯ ಪದರಗಳು ಬಿರಿಯತೊಡಗಿದವು. ಅರಳಿದರೆ ಒಳಗೆಲ್ಲ ರೋಮ, ತಿನ್ನಲಿಕ್ಕಾಗುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳೇ ಅವಳು. ನನ್ನ ತಾಳ್ಮೆ ಹಾರಿಹೋಯಿತು.

"ಎಂತ ಮಾಡ್ತಿದ್ದೀ ನೀನು? ಆರು ತಿಂಗಳು ಕಾದದ್ದು, ಊರಿನ ಐಸೆಲ್ಲ ಸುರಿದದ್ದು ಹೂ ನೋಡ್ಲಿಕ್ಕಾ? ಇವತ್ತು ಕೊಯ್ಯದಿದ್ದರೆ ದನವೂ ಮೂಸುವುದಿಲ್ಲ ಅದನ್ನು!"

ಅಕ್ಕ ಸಿಟ್ಟಾಗಲಿಲ್ಲ. "ತಿಂದ ಮೇಲೂ ನೀರು ತುಕ್ಕೇ ಆದರೆ?" ಎಂದಳು. "ಗಿಡದಲ್ಲಿ ಇರುವಷ್ಟು ದಿನ ಒಂದು ಆಸೆ ಉಂಟು. ಇರುವುದೊಂದೇ ಮೊಗ್ಗು. ಆಮೇಲೆ ನಾನು ಯಾವುದನ್ನು ಕಾಯುವುದು?"

ನನಗೂ ಅದೇ ಹೆದರಿಕೆ ಇತ್ತು, ಹೇಳಿಕೊಂಡಿರಲಿಲ್ಲ. ಅವಳ ಪಕ್ಕದಲ್ಲಿ ಕೂತು, "ಆಗ ಇನ್ನೊಂದು ಸಲ ಐಸು ಇಡುವಾ," ಎಂದೆ. ಅಕ್ಕ ಅಡುಗೆ ಮನೆಗೆ ಹೋಗಿ ಚೂರಿ ತಂದು, ತಾನೇ ಕೊಯ್ದಳು.

ನೀರಿಗೆ ಬೆಳ್ಳುಳ್ಳಿ, ಲಿಂಬೆ ಹಾಕಿ ಬೇಯಿಸಿದೆವು. ಜಗಲಿಯಲ್ಲಿ ತಟ್ಟೆ ಇಟ್ಟುಕೊಂಡು ಕೂರುವಾಗ ಮೀನಿನಾಕೆ ಬಂದಳು. "ನೀನೂ ಕೂತುಕೋ, ನಿನ್ನ ಐಸಿನ ಪಾಲು," ಎಂದಳು ಅಕ್ಕ. ಒಂದೊಂದೇ ಪದರ ಕಿತ್ತು, ಬುಡವನ್ನು ಹಲ್ಲಿನಿಂದ ಕೆರೆಯುವುದು. ಮೀನಿನಾಕೆ ಕೆರೆದು ನೋಡಿ, "ಇಷ್ಟಕ್ಕಾ ಇಷ್ಟು ಐಸು? ಒಂದು ಎಟ್ಟಿ ಸಿಗಡಿಯಲ್ಲಿ ಇದಕ್ಕಿಂತ ಜಾಸ್ತಿ ಉಂಟು," ಎಂದಳು. ಒಳಗಿನ ಮೆತ್ತನೆಯ ತಿರುಳನ್ನು ಅಕ್ಕನಿಗೆ ಕೊಟ್ಟೆ. ನಿಧಾನಕ್ಕೆ ಅಗಿದಳು. ಹೇಗುಂಟು ಎಂದೆ. "ಸಪ್ಪೆ," ಎಂದಳು.

ಬಾವಿಯ ನೀರನ್ನು ಲೋಟಗಳಲ್ಲಿ ತಂದಿಟ್ಟೆ. ಆ ವೇಳೆಗೆ ನಮ್ಮ ಬಾವಿ ಸವುಳಾಗಲು ತೊಡಗಿತ್ತು, ನಾನೇ ಮುಖ ಸಿಂಡರಿಸಿ ಕುಡಿಯುತ್ತಿದ್ದೆ. ಮೊದಲು ಗುಟುಕರಿಸಿದವಳು ಮೀನಿನಾಕೆ. ಕಣ್ಣು ದೊಡ್ಡದು ಮಾಡಿ ಲೋಟದೊಳಗೆ ನೋಡಿದಳು. "ಎಂತ ಬಾಯಮ್ಮ ಇದು!" ನಾನೂ ಕುಡಿದೆ. ನಾಲಿಗೆಯ ಮೇಲೆ ಮೊದಲು ನೀರು, ಆಮೇಲೆ ಹಿಂದಿನಿಂದ ಮೆಲ್ಲನೆ ಏರಿ ಬರುವ ಸಿಹಿ. ಸವುಳು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ನಮ್ಮ ಮೂರು ಲೋಟಗಳಲ್ಲಿ ಒಂದಿನ್ನೂ ತುಂಬಿಯೇ ಇತ್ತು.

ಅಕ್ಕ ಅದನ್ನೆತ್ತಿ ಅಭ್ಯಾಸದಂತೆ ಬೆಳಕಿಗೆ ಹಿಡಿದು ನೋಡಿದಳು. ಮೂಗು ಹಿಡಿದು ಒಂದು ಗುಟುಕು ಕುಡಿದಳು. ಮೂಗಿನಿಂದ ಕೈ ತೆಗೆದಳು. ಇನ್ನೊಂದು ಗುಟುಕು. ಆಮೇಲೆ ಲೋಟವನ್ನು ಟಪ್ಪೆಂದು ಕೆಳಗಿಟ್ಟು ನನ್ನ ಕಡೆಗೆ ತಿರುಗಿದಳು. ಮುಖ ಕೆಂಪಾಗಿತ್ತು.

"ಸಕ್ಕರೆ ಹಾಕಿದ್ದೀ."

"ಮರಿಯಮ್ಮನಾಣೆ ಇಲ್ಲ!"

"ಸುಳ್ಳಿ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ನನ್ನನ್ನು ಮತ್ತೆ ಮಂಗ ಮಾಡ್ತೀಯಾ?" ಎಂದು ಎದ್ದಳು. ಹಿಡಿಯಲು ಹೋದ ನನ್ನ ಕೈ ತಳ್ಳಿ, ನೈಟಿ ಎತ್ತಿಕಟ್ಟಿ, ನೇರ ಬಾವಿಗೆ ನಡೆದಳು. ಕಾಯಿಲೆ ಬಿದ್ದಂದಿನಿಂದ ಅವಳು ನೀರು ಸೇದಿದ್ದೇ ಇಲ್ಲ. ಕೊಡಪಾನ ಇಳಿಸಿದಳು. ರಾಟೆ ಕಿರುಗುಟ್ಟಿತು. ಏದುಸಿರು ಬಿಡುತ್ತ ಎಳೆದು, ಕೊಡಪಾನವನ್ನು ಕಟ್ಟೆಯ ಮೇಲಿಟ್ಟು, ಬೊಗಸೆಯಲ್ಲಿ ಮೊಗೆದು ಕುಡಿದಳು.

ನಾವಿಬ್ಬರೂ ಅವಳ ಹಿಂದೆಯೇ ಓಡಿದೆವು. ಅಕ್ಕ ಮತ್ತೊಂದು ಬೊಗಸೆ ಕುಡಿದಳು, ಮತ್ತೊಂದು. ನೀರು ಗಲ್ಲದಿಂದ ಇಳಿದು ಎದೆಯೆಲ್ಲ ಒದ್ದೆಯಾಯಿತು. ಕೊಡಪಾನವನ್ನೇ ಎತ್ತಿ ಬಾಯಿಗಿಟ್ಟಳು. ಕುತ್ತಿಗೆಯ ಸುಟ್ಟ ಕಲೆಯ ಕೆಳಗೆ ಗಂಟಲು ಗಟಗಟ ಆಡುತ್ತಿತ್ತು.

"ಸಾಕು ದೊಡ್ಡ ಬಾಯಮ್ಮ, ನಮಗೂ ಚೂರು ಇರಲಿ," ಎಂದು ಕೂಗಿದಳು ಮೀನಿನಾಕೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಅಕ್ಕ ತಿರುಗಿ ನೋಡಲಿಲ್ಲ. ಖಾಲಿ ಕೊಡಪಾನವನ್ನು ಮತ್ತೆ ಬಾವಿಗೆ ಇಳಿಸಿದಳು.